ಓದದೆ ಬಿಟ್ಟ ಪ್ರಶ್ನೆ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಬಾಗಿಲಕ್ಕ ಎಂದೇ ಕರೆಯುತ್ತಿದ್ದರು. ಬೇರೆಯವರು ಬೆಲ್ ಒತ್ತಿ, ಮುಖದ ಮೇಲೆ ಬಾಗಿಲು ಹಾಕಿಸಿಕೊಂಡು, ಸಪ್ಪೆ ಮೋರೆ ಹೊತ್ತು ಮೆಟ್ಟಿಲಿಳಿದ ಮನೆಗಳಿಗೆ ಕೊನೆಗೆ ಇವಳನ್ನು ಕಳಿಸುತ್ತಿದ್ದರು. ಇವಳು ಹೋದರೆ ಅದೇ ಬಾಗಿಲು ತೆರೆಯುತ್ತಿತ್ತು, ಒಳಗಿನಿಂದ ಕುರ್ಚಿ ಬರುತ್ತಿತ್ತು, ಬಿಸಿಲು ಜೋರಾಗಿದ್ದರೆ ಕುಡಿಯಲು ನೀರೂ ಬರುತ್ತಿತ್ತು. ಏನಕ್ಕಾ ಇದರ ಗುಟ್ಟು ಎಂದು ಹೊಸದಾಗಿ ಸೇರಿದವರು ಕೇಳಿದರೆ, ಗುಟ್ಟೂ ಇಲ್ಲ ಮಣ್ಣೂ ಇಲ್ಲ, ಬೆಲ್ ಒತ್ತಿದ ಮೇಲೆ ಸ್ವಲ್ಪ ಹಿಂದೆ ಸರಿದು ನಿಂತುಕೊಳ್ಳಿ, ಬಾಗಿಲಿಗೆ ಅಂಟಿಕೊಂಡು ನಿಂತರೆ ಪೊಲೀಸರು ಬಂದ ಹಾಗಿರುತ್ತದೆ ಅನ್ನುತ್ತಿದ್ದಳು.

ಸಮೀಕ್ಷೆ ಅವಳ ಕಸುಬು. ಸೋಪು, ಬಿಸ್ಕತ್ತು, ಫ್ಯಾನು, ಹಲ್ಲುಜ್ಜುವ ಬ್ರಷ್ಷು, ಏನನ್ನೇ ಆಗಲಿ ಮಾರುವ ಮೊದಲು ಜನ ಏನನ್ನುತ್ತಾರೆ ಎಂದು ತಿಳಿಯಬೇಕೆಂದಿದ್ದ ಕಂಪನಿಗಳು ಅವಳ ಆಫೀಸಿಗೆ ಬರುತ್ತಿದ್ದವು. ಆಫೀಸಿನವರು ಪ್ರಶ್ನೆಗಳನ್ನು ಜೋಡಿಸಿ ಟ್ಯಾಬ್‌ನಲ್ಲಿ ಹಾಕಿ ಕೊಡುತ್ತಿದ್ದರು. ಬಾಗಿಲಕ್ಕ ಮನೆಮನೆಗೆ ಹೋಗಿ ಒಂದೊಂದನ್ನೂ ಓದಿ, ಬಂದ ಉತ್ತರವನ್ನು ಒತ್ತಿಕೊಂಡು ಬರಬೇಕು. ಊರಿನವರನ್ನೆಲ್ಲ ಕೇಳುವುದು ಆಗದ ಮಾತು, ಅದಕ್ಕೇ ಇಂತಿಷ್ಟು ಮನೆ ಎಂದು ಆರಿಸುವುದು. ಅದಕ್ಕೆ ಸ್ಯಾಂಪಲ್ ಎಂದು ಹೆಸರು. ಅದರಲ್ಲೂ ವಯಸ್ಸಾದವರು ಇಷ್ಟು, ಹರೆಯದವರು ಇಷ್ಟು, ಕೆಲಸಕ್ಕೆ ಹೋಗುವವರು ಇಷ್ಟು ಎಂದು ಪಾಲು ಮಾಡಿಟ್ಟಿರುತ್ತಾರೆ, ಅದು ಕೋಟಾ. ಇವೆಲ್ಲಕ್ಕಿಂತ ಮುಂಚೆ ಕೇಳುವ ನಾಲ್ಕಾರು ಪ್ರಶ್ನೆಗಳಿರುತ್ತವೆ. ಈ ಮನೆ ನಮ್ಮ ಕೆಲಸಕ್ಕೆ ತಕ್ಕದ್ದೋ ಅಲ್ಲವೋ ಎಂದು ಸೋಸುವ ಪ್ರಶ್ನೆಗಳು. ಆಫೀಸಿನಲ್ಲಿ ಅದಕ್ಕೆ ಸ್ಕ್ರೀನಿಂಗ್ ಎನ್ನುತ್ತಾರೆ, ಬಾಗಿಲಕ್ಕ ಜರಡಿ ಎನ್ನುತ್ತಿದ್ದಳು. ಜರಡಿಯಲ್ಲಿ ನಿಲ್ಲದ ಮನೆಯಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿಸಿದರೂ ಕೈ ಮುಗಿದು ಎದ್ದುಬರಬೇಕು.

ಮನೆಯಲ್ಲಿ ಅವಳ ಅತ್ತೆಗೆ ಈ ಕೆಲಸ ಎಷ್ಟು ಹೇಳಿದರೂ ತಲೆಗೆ ಹತ್ತುತ್ತಿರಲಿಲ್ಲ. ಅಷ್ಟು ಜನರಲ್ಲಿ ಇಷ್ಟೇ ಮನೆ ಕೇಳಿದರೆ ಏನು ಗೊತ್ತಾಗುತ್ತೆ ಎಂದು ಒಮ್ಮೆ ಕೇಳಿದಾಗ, ಒಂದಗುಳು ಹಿಸುಕಿ ನೋಡಿ ಅನ್ನ ಬೆಂದಿದೆಯಾ ಅಂತ ನೀವು ಹೇಳಲ್ವಾ ಅತ್ತೆ, ಹಾಗೇ ಇದೂ ಎಂದಿದ್ದಳು. ಅತ್ತೆ ಒಪ್ಪಿದ ಹಾಗೆ ತಲೆಯಾಡಿಸಿ, "ಊರಿನವರ ಬಚ್ಚಲು ತೊಳೆಯೋ ವಿಚಾರವೆಲ್ಲ ನಿನಗೆ ಗೊತ್ತು, ನಮ್ಮನೆ ನಲ್ಲಿ ಸೋರ್ತಿರೋದು ಗೊತ್ತಿಲ್ಲ. ದೀಪದ ಬುಡದಲ್ಲೇ ಕತ್ತಲು" ಎಂದು ಮುಗಿಸಿದರು. ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಬಂದವನಿಗೆ ಹೆಂಡತಿಯ ಕಡೆಗೂ ತಾಯಿಯ ಕಡೆಗೂ ವಾಲದೆ ಮಧ್ಯದಲ್ಲಿ ನಿಲ್ಲುವುದು ಅಭ್ಯಾಸವಾಗಿಬಿಟ್ಟಿತ್ತು.

ಆ ಸಲ ಬಂದ ಕೆಲಸ ಬಚ್ಚಲುಮನೆಯ ಟೈಲ್ಸ್ ತೊಳೆಯುವ ಒಂದು ಹೊಸ ದ್ರವದ್ದು. ಹೆಸರಿಲ್ಲದ ಬಿಳಿ ಬಾಟಲಿ. ಆರಿಸಿದ ಮನೆಗೆ ಒಂದೊಂದು ಬಾಟಲಿ ಕೊಟ್ಟು, ಕೆಲವು ದಿನ ಬಳಸಲು ಬಿಟ್ಟು, ಮತ್ತೆ ಹೋಗಿ ಹೇಗಿತ್ತು ಎಂದು ಕೇಳಬೇಕು. ಜರಡಿಯಲ್ಲಿ ಒಂದು ಪ್ರಶ್ನೆಯನ್ನು ಕೆಂಪಕ್ಷರದಲ್ಲಿ ಹಾಕಿದ್ದರು: ನಿಮಗಾಗಲಿ ಮನೆಯಲ್ಲಿ ಬೇರೆ ಯಾರಿಗಾಗಲಿ ಉಬ್ಬಸ, ಚರ್ಮದ ಅಲರ್ಜಿ ಇದೆಯೇ? ಇದ್ದರೆ ಬಾಟಲಿ ಕೊಡುವಂತಿಲ್ಲ.

ಎಲ್ಲ ಕೋಟಾಗಳೂ ತುಂಬಿದವು, ಒಂದೇ ಒಂದು ಉಳಿಯಿತು. ಐವತ್ತೈದು ದಾಟಿದ, ತಮ್ಮ ಬಚ್ಚಲನ್ನು ತಾವೇ ತೊಳೆಯುವ ಹೆಂಗಸು. ಬಾಗಿಲಕ್ಕ ಇಡೀ ಬಡಾವಣೆ ಸುತ್ತಿದಳು. ಅಂಥವರಲ್ಲಿ ಒಬ್ಬರಿಗೆ ಮಂಡಿನೋವು, ಸೊಸೆ ತೊಳೆಯುತ್ತಾಳೆ. ಇನ್ನೊಬ್ಬರು ಮಗಳ ಮನೆಗೆ ಹೋಗಿದ್ದಾರೆ. ಮತ್ತೊಬ್ಬರಿಗೆ ಎಲ್ಲ ಸರಿಯಿದೆ, ಮೊಮ್ಮಗನಿಗೆ ಮೈತುರಿಕೆ. ಸೂಪರ್‌ವೈಸರ್ ಅವಳಿಗಿಂತ ಚಿಕ್ಕವನು, ಕೆಟ್ಟವನೇನಲ್ಲ, ಮೇಲಿನವರ ಫೋನು ಬಂದರೆ ಮಾತ್ರ ಕೈಕಾಲು ಬಿಡುವವನು. ಅಕ್ಕಾ, ನೀವೇ ಕೈಬಿಟ್ಟರೆ ಇನ್ಯಾರು ಗತಿ, ಇವತ್ತು ಅದೊಂದು ಮನೆ ಮುಗಿಸಿಬಿಡಿ ಎಂದು ಬೆಳಗಿನಿಂದ ಫೋನು ಮಾಡುತ್ತಲೇ ಇದ್ದ.

ಸಂಜೆಯ ಹೊತ್ತಿಗೆ ಅವಳು ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿ ಹತ್ತಿದಳು. ಅಲ್ಲಿದ್ದದ್ದು ಮನೆಗಳಿಗೆ ಪರದೆ ಹೊಲಿದುಕೊಡುವ ಒಬ್ಬ ಹೆಂಗಸು, ಅರವತ್ತರ ಆಸುಪಾಸು. ಕಟ್ಟಡದವರೆಲ್ಲ ಪರದೆಯಮ್ಮ ಎನ್ನುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳ ಜೊತೆ ವಾಸ, ಮಗಳು ಇನ್ನೂ ಬಂದಿರಲಿಲ್ಲ. ಒಳಕೋಣೆಯ ತುಂಬ ಬಟ್ಟೆಯ ಸುರುಳಿಗಳು, ಕಿಟಕಿಯ ಪಕ್ಕಕ್ಕೆ ಹೊಲಿಗೆ ಮಿಶನ್ನು, ಅದರ ಹಲಗೆಯ ಮೇಲೆ ಅರ್ಧ ಹೊಲಿದ ನೀಲಿ ಪರದೆ. ಸಮೀಕ್ಷೆ ಎಂದದ್ದೇ ತಡ, ಪರದೆಯಮ್ಮನ ಮುಖ ಅರಳಿತು.

"ನನ್ನನ್ನ ಕೇಳೋಕೆ ಬಂದಿದೀಯಾ? ಬಾರಮ್ಮ ಒಳಗೆ. ನನ್ನ ಅಭಿಪ್ರಾಯ ಅಂತ ಈ ಜನ್ಮದಲ್ಲಿ ಯಾರೂ ಕೇಳಿಲ್ಲ. ಪರದೆ ಬಣ್ಣ ಯಾವುದಿರಲಿ ಅಂತ ಕೂಡ ಅವರೇ ಹೇಳ್ತಾರೆ, ನಾನು ಹೊಲೀಬೇಕು ಅಷ್ಟೆ."

ವಯಸ್ಸು ಸರಿಯಾಯಿತು. ಬಚ್ಚಲು ನಾನೇ ತೊಳೆಯೋದು, ಮಗಳು ತೊಳೆದರೆ ಮೂಲೆಗಳು ಹಾಗೇ ಇರುತ್ತವೆ ಎಂದಾಯಿತು. ಬಾಗಿಲಕ್ಕನ ಬೆರಳು ಕೆಂಪಕ್ಷರದ ಪ್ರಶ್ನೆಗೆ ಬಂತು. ಅದನ್ನು ಓದಲು ಬಾಯಿ ತೆರೆಯುವಾಗ ಕಣ್ಣು ಮಿಶನ್ನಿನ ಹಲಗೆಯ ಮೇಲೆ ಹೋಯಿತು. ದಾರದ ಉಂಡೆಗಳ ನಡುವೆ, ಉಬ್ಬಸವಿದ್ದವರು ಬಾಯಿಗಿಟ್ಟು ಎಳೆದುಕೊಳ್ಳುವ ಚಿಕ್ಕ ಪಂಪು ಇತ್ತು. ಅವಳ ತಂದೆಗೆ ಉಬ್ಬಸವಿತ್ತು, ಅದನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯಬಲ್ಲಳು. ಪರದೆಯಮ್ಮ ಮಾತಾಡುತ್ತಲೇ ನೀಲಿ ಬಟ್ಟೆಯ ತುದಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಪಂಪು ಅದರ ಕೆಳಗೆ ಮರೆಯಾಯಿತು.

ಬಾಗಿಲಕ್ಕ ಮೂರು ಮಹಡಿ ಹತ್ತಿ ಬಂದಿದ್ದಳು. ಕಾಲು ನೋಯುತ್ತಿತ್ತು. ಫೋನು ಚೀಲದೊಳಗೆ ಮತ್ತೆ ಗುರುಗುಟ್ಟುತ್ತಿತ್ತು. ಎದುರಿಗೆ ಕೂತವರ ಮುಖದಲ್ಲಿ ಪರೀಕ್ಷೆಗೆ ಓದಿಕೊಂಡು ಬಂದ ಮಕ್ಕಳ ಆಸೆ. ತೊಳೆಯುವ ನೀರು ತಾನೇ, ಕುಡಿಯುವುದಲ್ಲವಲ್ಲ ಎಂದುಕೊಂಡಳು. ಪ್ರಶ್ನೆಯನ್ನು ಓದಲಿಲ್ಲ. 'ಇಲ್ಲ' ಎಂದು ತಾನೇ ಒತ್ತಿ ಮುಂದಿನದಕ್ಕೆ ಹೋದಳು.

ಬಿಳಿ ಬಾಟಲಿ ಕೊಟ್ಟು, ಕಿಟಕಿ ತೆರೆದಿಟ್ಟು ತೊಳೀರಿ ಅಮ್ಮ ಎಂದು ತನ್ನ ಕಡೆಯಿಂದ ಒಂದು ಮಾತು ಸೇರಿಸಿದಳು. ಆ ಬಚ್ಚಲಿಗೆ ಕಿಟಕಿಯಿದೆಯೇ ಎಂದು ಎದ್ದು ನೋಡಲಿಲ್ಲ. ಕೆಳಗಿಳಿದು ಬಂದು ಸೂಪರ್‌ವೈಸರ್‌ಗೆ ಮುಗಿಯಿತು ಎಂದಾಗ ಅವನು, ನೀವು ಬಾಗಿಲಕ್ಕ ಅಲ್ಲ, ದೇವರು ಎಂದ. ಅವಳಿಗೆ ನಗು ಬರಲಿಲ್ಲ.

ಮತ್ತೆ ಕೇಳಲು ಹೋಗಬೇಕಾದ ದಿನ ಅವಳು ಬೇಕೆಂತಲೇ ಆ ಮನೆಯನ್ನು ಕೊನೆಗಿಟ್ಟುಕೊಂಡಳು. ಬಾಗಿಲು ತೆರೆದದ್ದು ಮಗಳು. ಅಮ್ಮನಿಗೆ ಹುಷಾರಿಲ್ಲ, ಆದರೆ ನೀವು ಬಂದೇ ಬರ್ತೀರಿ ಅಂತ ಕಾಯ್ತಿದಾರೆ, ಬೇಗ ಮುಗಿಸಿಬಿಡಿ ಎಂದು ಒಳಗೆ ಬಿಟ್ಟಳು. ಪರದೆಯಮ್ಮ ಹಾಸಿಗೆಯಲ್ಲಿ ದಿಂಬುಗಳಿಗೆ ಒರಗಿ ಕೂತಿದ್ದರು. ಮುಖ ಇಳಿದುಹೋಗಿತ್ತು, ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದರು.

ಆದದ್ದನ್ನು ಮಗಳೇ ಹೇಳಿದಳು. ಅವಳು ಅಂಗಡಿಯಿಂದ ಬರುವಾಗ ಅಮ್ಮ ಮಿಶನ್ನಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನಿಂತಿದ್ದರಂತೆ. ತುಟಿ ನೀಲಿಗಟ್ಟಿತ್ತಂತೆ. ಪಂಪು ಎಳೆದರೂ ಉಸಿರು ಹಿಡಿತಕ್ಕೆ ಬರಲಿಲ್ಲ, ಆಸ್ಪತ್ರೆಗೆ ಸೇರಿಸಿ ಆಮ್ಲಜನಕ ಕೊಡಿಸಬೇಕಾಯಿತು. ಮನೆಯಲ್ಲಿ ಧೂಳು ಇದೆಯಾ ಎಂದು ಡಾಕ್ಟರು ಕೇಳಿದರು. ಧೂಳಿಗೇನು ಕಡಿಮೆ, ಬಟ್ಟೆಯಿಂದ ಉದುರುವ ನೂಲಿನ ಹಿಂಜೇ ಗಾಳಿಯಲ್ಲಿ ಹಾರಾಡುತ್ತೆ ಎಂದಳು ಮಗಳು. ಹಾಗಾದರೆ ಆ ಕೆಲಸ ಬಿಡಿಸಿ ಎಂದರು ಅವರು.

"ಎಷ್ಟು ವರ್ಷದಿಂದ ಹೇಳ್ತಾ ಬಂದೆ. ಈಗ ನಾನೇ ಗಟ್ಟಿ ಮನಸ್ಸು ಮಾಡಿದೆ. ಬೀದಿ ಕೊನೇಲಿ ಚೀಲ ಹೊಲಿಯೋರ ಅಂಗಡಿ ಇದೆಯಲ್ಲ, ಅವರು ನಾಳೆ ಬಂದು ಮಿಶನ್ ತಗೊಂಡು ಹೋಗ್ತಾರೆ" ಎಂದಳು ಮಗಳು.

ಬಾಗಿಲಕ್ಕ ಆಗಲೇ ನೋಡಿದ್ದಳು. ಮಿಶನ್ನಿಗೆ ಹಳೆಯ ಹೊದಿಕೆ ಸುತ್ತಿ ಹಗ್ಗ ಬಿಗಿದಿದ್ದರು. ಪರದೆಯಮ್ಮ ಆ ಕಡೆಗೆ ಬೆನ್ನು ಹಾಕಿ ಕೂತಿದ್ದರು.

ಮಗಳು ನೀರು ತರಲು ಒಳಗೆ ಹೋದಳು. ಬಾಗಿಲಕ್ಕ ಟ್ಯಾಬ್ ತೆಗೆದು, ಅವತ್ತು ಅದಕ್ಕೆ ಮುಂಚೆ ಏನು ಮಾಡ್ತಿದ್ರಿ ಅಮ್ಮ ಎಂದು ಕೇಳಿದಳು. ಅದು ಪ್ರಶ್ನೆಗಳ ಸಾಲಿನಲ್ಲಿ ಇಲ್ಲದ ಪ್ರಶ್ನೆ. ಪರದೆಯಮ್ಮ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಬಚ್ಚಲು ತೊಳೆದೆ. ನೀನು ಬರೋದ್ರೊಳಗೆ ಚೆನ್ನಾಗಿ ಬಳಸಿ ನೋಡೋಣ ಅಂತ ಬಾಗಿಲು ಹಾಕ್ಕೊಂಡು ಉಜ್ಜಿದೆ. ಸ್ವಲ್ಪ ಘಾಟು." ಆಮೇಲೆ ಅವಳ ಬೆರಳು ಟ್ಯಾಬ್ ಮೇಲೆ ನಿಂತದ್ದನ್ನು ಕಂಡು, "ಬೇಡ, ಅದನ್ನ ಹಾಕಬೇಡ. ತುಂಬಾ ಚೆನ್ನಾಗಿತ್ತು ಅಂತ ಒತ್ತಿಬಿಡು. ನೀನು ಪಾಪ ಅಷ್ಟು ದೂರದಿಂದ ಬರ್ತೀಯ, ನಿನ್ನ ಕೆಲಸಕ್ಕೆ ಕಲ್ಲು ಹಾಕೋದು ಯಾಕೆ" ಎಂದರು.

ವಾಸನೆ ಹೇಗಿತ್ತು, ಹೊಳಪು ಹೇಗೆ ಬಂತು, ಮತ್ತೆ ಬಳಸುತ್ತೀರಾ, ನೆಂಟರಿಷ್ಟರಿಗೆ ಹೇಳುತ್ತೀರಾ. ಒಂದೊಂದಕ್ಕೂ ಪರದೆಯಮ್ಮ ಎಲ್ಲಕ್ಕಿಂತ ಮೇಲಿನ ಉತ್ತರವನ್ನೇ ಕೊಟ್ಟರು. ಬಳಸುವಾಗ ಏನಾದರೂ ತೊಂದರೆ ಆಯಿತೇ ಎಂಬ ಕೊನೆಯ ಪ್ರಶ್ನೆಯನ್ನು ಬಾಗಿಲಕ್ಕ ಟ್ಯಾಬ್‌ನಿಂದ ಕಣ್ಣೆತ್ತದೆ ಓದಿದಳು. ಏನೂ ಇಲ್ಲ ಎಂದರು ಅವರು. ಏನೂ ಇಲ್ಲ ಎಂದು ಒತ್ತಿದಳು ಇವಳು. ಮಗಳು ತಂದ ನೀರನ್ನು ಕುಡಿದು, ಕಂಪನಿಯ ಉಡುಗೊರೆಯೆಂದು ಒಂದು ಮುಚ್ಚಳದ ಡಬ್ಬಿಯನ್ನು ಹಾಸಿಗೆಯ ಪಕ್ಕ ಇಟ್ಟು, ಉಳಿದ ದ್ರವವನ್ನು ಕಂಪನಿ ವಾಪಸು ಕೇಳಿದೆ ಎಂದು ಸುಳ್ಳು ಹೇಳಿ ಬಿಳಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದುಬಂದಳು.

ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಆ ಹಗ್ಗ ಬಿಚ್ಚುತ್ತಿತ್ತು. ಬಟ್ಟೆಯ ಹಿಂಜಲ್ಲಮ್ಮ, ನಾನು ತಂದಿಟ್ಟ ಬಾಟಲಿ ಎಂದು. ವರ್ಷಗಟ್ಟಲೆ ಅದೇ ಹಿಂಜಿನಲ್ಲಿ ಕೂತು ಹೊಲಿದವರಿಗೆ ಅವತ್ತೇ ಯಾಕೆ ಉಸಿರು ಕಟ್ಟಿತು ಎಂದು ಯಾರೂ ಕೇಳಿರಲಿಲ್ಲ. ಕೇಳಿ ತಿಳಿದುಕೊಂಡ ಅವಳೂ ಹೇಳಿರಲಿಲ್ಲ.

ಮನೆಗೆ ಬಂದವಳು ಬಾಟಲಿಯನ್ನು ಮೋರಿಗೆ ಸುರಿಯಲು ಹೋಗಿ, ಅದರ ಘಾಟು ಅತ್ತೆಗೆ ತಾಗೀತೆಂದು ಹೆದರಿ ಹಾಗೇ ಮುಚ್ಚಿಟ್ಟಳು. ಅಡುಗೆ ಮಾಡುತ್ತಿದ್ದಾಗ ಒಗ್ಗರಣೆಯ ಹೊಗೆಗೆ ಅತ್ತೆ ಕೆಮ್ಮಿದರು. ಬಾಗಿಲಕ್ಕ ಸೌಟು ಬಿಟ್ಟು ಓಡಿಬಂದು ಅವರ ಬೆನ್ನು ನೀವುತ್ತ, ಉಸಿರಾಡೋಕೆ ಆಗ್ತಿದೆಯಾ, ಎದೆ ಬಿಗಿಯುತ್ತಾ ಎಂದು ಕೇಳತೊಡಗಿದಳು. ಅತ್ತೆ ಅವಳ ಮುಖವನ್ನೇ ನೋಡಿದರು.

"ಮೆಣಸಿನಕಾಯಿ ಘಾಟು ಕಣೇ, ಸಾಯ್ತಿಲ್ಲ ನಾನು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಆಡ್ತಿದೀಯಲ್ಲ. ಏನು ಮಾಡಿಟ್ಟು ಬಂದಿದೀಯ?"

ಅವಳು ಏನೂ ಇಲ್ಲ ಎಂದಳು. ಅದೇ ಮಾತು ಅವತ್ತು ಎರಡನೆಯ ಸಲ ಕಿವಿಗೆ ಬಿದ್ದು ಅವಳಿಗೆ ತಡೆಯಲಾಗಲಿಲ್ಲ. ಒಲೆ ಆರಿಸಿ, ಅತ್ತೆಯ ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹೇಳಬೇಕಾದ್ದು ನನಗಲ್ಲ ಎಂದಷ್ಟೇ ಹೇಳಿ ಎದ್ದು ಹೋಗಿ, ಆರಿಸಿದ ಒಲೆಯನ್ನು ತಾವೇ ಹಚ್ಚಿ ಅಡುಗೆ ಮುಗಿಸಿದರು.

ಮರುದಿನ ಬೆಳಗ್ಗೆ ಅವಳು ಮನೆ ಬಿಟ್ಟದ್ದು ನಿಜ, ಆದರೆ ಹೋದದ್ದು ಪರದೆಯಮ್ಮನ ಮನೆಗಲ್ಲ, ಆಫೀಸಿಗೆ. ಮೊದಲು ಅಲ್ಲಿ ಹೇಳಿದರೆ ಕ್ರಮ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಸೂಪರ್‌ವೈಸರ್‌ನ ಮುಖ ನೋಡುವುದು ಆ ಮಗಳ ಮುಖ ನೋಡುವುದಕ್ಕಿಂತ ಸುಲಭ ಎಂಬುದು ಒಳಗಿನ ಸತ್ಯ.

ಅವನಿಗೆ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವನ ಕೈ ಹಣೆಗೆ ಹೋಯಿತು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ಏನೋ ಹುಡುಕಿ ಒಂದು ಸಾಲನ್ನು ಅಳಿಸಿದ.

"ಆ ಮನೇನ ಸ್ಯಾಂಪಲ್‌ನಿಂದ ತೆಗೆದೆ ಅಕ್ಕ" ಎಂದ.

"ತೆಗೆದ್ರೆ? ಅವರಿಗೆ ಉಸಿರು ಕಟ್ಟಿದ್ದು?"

"ಜರಡೀಲೇ ನಿಲ್ಲದವರು ಅಲ್ವಾ. ಅವರ ಉತ್ತರ ನಮ್ಮ ಲೆಕ್ಕಕ್ಕೆ ಬರಲ್ಲ. ಒಳ್ಳೇದು ಹೇಳಿದ್ರೂ ಬರಲ್ಲ, ಕೆಟ್ಟದ್ದು ಹೇಳಿದ್ರೂ ಬರಲ್ಲ."

"ಆದರೆ ಆಗಿದ್ದು ನಿಜ ಸರ್."

"ನಿಜ. ಆದರೆ ವರದೀಲಿ ಅದಕ್ಕೆ ಜಾಗ ಇಲ್ಲ. ಉಬ್ಬಸ ಇರೋರ ಮೇಲೆ ಪರೀಕ್ಷೆ ಮಾಡಿದ್ದು ಯಾಕೆ ಅಂತ ಕಂಪನಿ ಕೇಳಿದ್ರೆ ನಾನೇನು ಹೇಳಲಿ?"

ಬಾಗಿಲಕ್ಕ ಅಲ್ಲೇ ನಿಂತಿದ್ದಳು. ನಿನ್ನೆಯವರೆಗೆ ಅವಳ ಸುಳ್ಳಿನ ಬಲದಿಂದ ಪರದೆಯಮ್ಮ ಲೆಕ್ಕದೊಳಗಿದ್ದರು, ತುಂಬಾ ಚೆನ್ನಾಗಿತ್ತು ಎಂದವರಾಗಿ. ಇವತ್ತು ಅವಳು ನಿಜ ಹೇಳಿದ್ದೇ ತಡ, ಅವರೂ ಇಲ್ಲ, ಅವರ ನೀಲಿಗಟ್ಟಿದ ತುಟಿಯೂ ಇಲ್ಲ. ತಪ್ಪು ಒಪ್ಪಿಕೊಂಡರೆ ಎದೆಯ ಭಾರ ಇಳಿಯುತ್ತದೆ ಎನ್ನುತ್ತಾರೆ. ಅವಳಿಗೆ ಅದು ಇಮ್ಮಡಿಯಾಯಿತು. ಕನಿಷ್ಠ ಬಾಟಲಿಯ ಮೇಲೆ ಒಂದು ಎಚ್ಚರಿಕೆಯ ಮಾತು ಬರೆಯುವಂತೆ ಹೇಳಿ ಎಂದು ಬೇಡಿಕೊಂಡಳು. ನೋಡೋಣ ಎಂದ. ಆ 'ನೋಡೋಣ'ದ ಅರ್ಥ ಅವಳಿಗೆ ಗೊತ್ತಿತ್ತು. ಸಮೀಕ್ಷೆಗೆ ಸಮಯವಿಲ್ಲದವರೆಲ್ಲ ಬಾಗಿಲಲ್ಲಿ ಅದನ್ನೇ ಹೇಳುತ್ತಾರೆ.

ನಿಮ್ಮ ಉಳಿದ ಮನೆಗಳನ್ನೂ ಬ್ಯಾಕ್‌ಚೆಕ್ ಮಾಡಿಸಬೇಕಾಗುತ್ತದೆ, ಅಂದರೆ ಬೇರೆಯವರು ಹೋಗಿ ನೀವು ನಿಜವಾಗಿ ಕೇಳಿದಿರಾ ಎಂದು ವಿಚಾರಿಸುತ್ತಾರೆ, ಅಲ್ಲಿಯವರೆಗೆ ಸ್ವಲ್ಪ ದಿನ ಮನೆಯಲ್ಲಿರಿ ಎಂದು ಅವನು ತಲೆ ಎತ್ತದೆ ಹೇಳಿದ. ಇಷ್ಟು ವರ್ಷದಲ್ಲಿ ಅವಳ ಒಂದು ಮನೆಯನ್ನೂ ಯಾರೂ ಎರಡನೆಯ ಸಲ ತಟ್ಟಿರಲಿಲ್ಲ. ಟ್ಯಾಬ್ ಮೇಜಿನ ಮೇಲಿಟ್ಟು ಹೊರಬಂದಳು.

ಪರದೆಯಮ್ಮನ ಮನೆಯ ಮೆಟ್ಟಿಲು ಹತ್ತುವಾಗ ಯಾವುದೋ ಸಾಮಾನು ಸಾಗಿಸಿ ಮುಗಿಸಿದವರ ಹಾಗೆ ಇಬ್ಬರು ಹಗ್ಗ ಸುತ್ತಿಕೊಳ್ಳುತ್ತ ಕೆಳಗಿಳಿಯುತ್ತಿದ್ದರು. ಅವರು ಯಾರೆಂದು ಅವಳಿಗೆ ಹೊಳೆದದ್ದು ಮೂರನೆಯ ಮಹಡಿಯಲ್ಲಿ, ಕಿಟಕಿಯ ಪಕ್ಕದ ಜಾಗ ಖಾಲಿಯಾಗಿದ್ದನ್ನು ಕಂಡ ಮೇಲೆ. ಆಫೀಸಿಗೆ ಹೋಗದೆ ನೇರ ಇಲ್ಲಿಗೆ ಬಂದಿದ್ದರೆ ಮಿಶನ್ನು ಇನ್ನೂ ಇಲ್ಲೇ ಇರುತ್ತಿತ್ತು.

ಮಗಳು ಕೆಲಸಕ್ಕೆ ಹೊರಟು ನಿಂತಿದ್ದಳು. ನಿನ್ನೆ ಏನಾದರೂ ಬಿಟ್ಟು ಹೋದಿರಾ ಎಂದಳು. ಬಾಗಿಲಕ್ಕ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಹೇಳಿದಳು. ಪಂಪು ಕಂಡದ್ದು, ಪ್ರಶ್ನೆ ಓದದೆ ಬಿಟ್ಟದ್ದು, ಬಾಟಲಿ ಕೊಟ್ಟದ್ದು, ನಿನ್ನೆ ಎಲ್ಲ ಅರ್ಥವಾಗಿಯೂ ನೀರು ಕುಡಿದು ಎದ್ದುಹೋದದ್ದು. ಹೇಳಿ ಮುಗಿಯುವವರೆಗೆ ಮಗಳು ಚಪ್ಪಲಿ ಹಾಕಿದ ಒಂದು ಕಾಲು ಹೊಸ್ತಿಲಾಚೆ, ಒಂದು ಕಾಲು ಈಚೆ ಇಟ್ಟುಕೊಂಡು ನಿಂತಿದ್ದಳು.

ಹಾಸಿಗೆಯಿಂದ ಪರದೆಯಮ್ಮನ ದನಿ ಬಂತು. "ಅವಳನ್ನ ಏನೂ ಅನ್ನಬೇಡ. ನಾನೇ ಪಂಪಿನ ಮೇಲೆ ಬಟ್ಟೆ ಎಳೆದಿದ್ದು. ಉಬ್ಬಸ ಇದೆ ಅಂದ್ರೆ ಎದ್ದು ಹೋಗಿಬಿಡ್ತಾಳೆ ಅನ್ನಿಸ್ತು. ಪಕ್ಕದ ಮನೆಯವರು ಮೊಮ್ಮಗನ ಮೈತುರಿಕೆ ಹೇಳಿದ್ದಕ್ಕೆ ಹಾಗೇ ಆಗಿತ್ತಂತೆ. ನನ್ನನ್ನೂ ಯಾರಾದ್ರೂ ಕೂತು ಕೇಳಲಿ ಅಂತ ಆಸೆಯಾಗಿತ್ತು."

ಬಾಗಿಲಕ್ಕನಿಗೆ ಕಣ್ಣು ತುಂಬಿತು. ಆ ಮಾತು ಅವಳಿಗೆ ಊರುಗೋಲಿನ ಹಾಗೆ ಸಿಕ್ಕಿತ್ತು. ಹಿಡಿದುಕೊಂಡರೆ ನಿಲ್ಲಬಹುದಿತ್ತು. ಆದರೆ ಮಗಳು ಅದನ್ನು ಹಿಡಿಯಲು ಬಿಡಲಿಲ್ಲ.

"ಅಮ್ಮ ಮುಚ್ಚಿಟ್ಟಿರಬಹುದು" ಎಂದಳು, ದನಿ ಏರಿಸದೆ. "ಅವರಿಗೆ ಏನು ಗೊತ್ತಿತ್ತು? ಕೇಳೋದು ನಿಮ್ಮ ಕೆಲಸ ಅಲ್ವಾ?"

ಹೌದಮ್ಮ ಎಂದಳು ಬಾಗಿಲಕ್ಕ. ಮಗಳು ಹೊರಗಿಟ್ಟ ಕಾಲನ್ನು ಒಳಗೆ ತೆಗೆದುಕೊಂಡು, ಅಂಗಡಿಗೆ ತಡವಾಗುತ್ತದೆ ಎಂದು ಫೋನು ಮಾಡಿದಳು. ಮೊದಲು ಡಾಕ್ಟರ ಹತ್ತಿರ ಹೋಗೋಣ, ಆ ಬಾಟಲಿ ತಗೊಂಡು ಬನ್ನಿ ಎಂದಳು. ಬಾಗಿಲಕ್ಕ ಮನೆಗೆ ಓಡಿ ಬಾಟಲಿ ತಂದಳು. ಡಾಕ್ಟರು ಮುಚ್ಚಳ ತೆಗೆದು ದೂರದಿಂದಲೇ ಮೂಸಿ ಮುಖ ಸಿಂಡರಿಸಿದರು. ಇಂಥದ್ದನ್ನು ಕಿಟಕಿಯಿಲ್ಲದ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಬಳಸಿದರೆ ಗಟ್ಟಿಮುಟ್ಟಾದವರಿಗೂ ಕೆಮ್ಮು ಬರುತ್ತದೆ ಎಂದರು. ಬಟ್ಟೆಯ ಹಿಂಜೂ ಒಳ್ಳೆಯದಲ್ಲ, ಆದರೆ ಮೂಗಿಗೆ ಮಾಸ್ಕ್ ಕಟ್ಟಿ ಗಾಳಿಯಾಡುವ ಕಡೆ ಕೂತು ಹೊಲಿಯುವುದಕ್ಕೆ ನನ್ನ ಅಡ್ಡಿಯಿಲ್ಲ ಎಂದರು.

ಅಲ್ಲಿಂದ ಇಬ್ಬರೂ ಚೀಲದ ಅಂಗಡಿಗೆ ಹೋದರು. ಅಂಗಡಿಯವನು ಮಿಶನ್ನಿಗೆ ಮೋಟಾರು ಕೂರಿಸಿ, ನೆಲಕ್ಕೆ ಬೋಲ್ಟ್ ಹಾಕಿ, ಆಗಲೇ ಅದರ ಮೇಲೆ ಶಾಲಾಚೀಲದ ಪಟ್ಟಿ ಹೊಲಿಯಲು ಶುರು ಮಾಡಿದ್ದ. ವಾಪಸು ಕೊಡುವ ಮಾತಿಗೆ ಆಗಲ್ಲ ಎಂದುಬಿಟ್ಟ. ಕೊಟ್ಟ ಹೆಣ್ಣು, ಮಾರಿದ ಎತ್ತು ಮತ್ತೆ ಮನೆಗೆ ಬರಲ್ಲ ಕಣಮ್ಮ ಎಂದು ನಗೆಯಾಡಿದ. ಯಾರೂ ನಗದಿದ್ದಾಗ ಪೆಚ್ಚಾಗಿ, ಬೇಕಾದರೆ ನಿಮ್ಮ ತಾಯಿಯೇ ಬಂದು ಇಲ್ಲಿ ಹೊಲಿಯಲಿ, ಒಳ್ಳೆ ಕೈಯಿರುವವರು ನನಗೂ ಬೇಕು ಎಂದ. ಮನೆಗೆ ಹಿಂದಿರುಗುವಾಗ ಮಗಳು ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಕಟ್ಟಡದ ಬಾಗಿಲ ಹತ್ತಿರ ನಿಂತು, ನೀವು ಇನ್ನು ಮೇಲೆ ಬರಬೇಡಿ ಎಂದು ಮಾತ್ರ ಹೇಳಿದಳು.

ಬಾಗಿಲಕ್ಕ ಮನೆಯಲ್ಲಿ ಕೂತಳು. ಕೂತು ಕೂತು ತಡೆಯಲಾಗದೆ ಒಂದು ಮಧ್ಯಾಹ್ನ ಆ ದ್ರವದ ಕಂಪನಿಗೆ, ಗ್ರಾಹಕರಿಗೆಂದು ಇಟ್ಟಿದ್ದ ಸಂಖ್ಯೆಗೆ ಫೋನು ಮಾಡಿದಳು. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಎಲ್ಲವನ್ನೂ ಬರೆದುಕೊಂಡು, ಕೊನೆಗೆ, ನಮ್ಮ ಸೇವೆ ಹೇಗಿತ್ತು, ಒಂದರಿಂದ ಐದರೊಳಗೆ ಒಂದು ಸಂಖ್ಯೆ ಹೇಳಿ ಎಂದಳು. ಪಕ್ಕದಲ್ಲಿ ಕೂತಿದ್ದ ಅತ್ತೆಗೆ ನಗು ತಡೆಯಲಾಗಲಿಲ್ಲ. ಮೂರು ಎಂದಳು ಬಾಗಿಲಕ್ಕ. ತಾನು ಎಷ್ಟೋ ಬಾಗಿಲುಗಳಲ್ಲಿ ನಿಂತು ಇದೇ ರಾಗದಲ್ಲಿ ಇದನ್ನೇ ಕೇಳಿದ್ದು ನೆನಪಾಗಿ, ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ.

ದ್ರವ ಮಾರುಕಟ್ಟೆಗೆ ಬಂತು. ಹಸಿರು ಬಾಟಲಿ, ಹೊಳೆಯುವ ಹೆಸರು. ಬೀದಿಯ ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಂಡು ಹಿಂದೆ ತಿರುಗಿಸಿ ನೋಡಿದಳು. ಇರುವೆ ಸಾಲಿನಂಥ ಅಕ್ಷರದಲ್ಲಿ, ಉಸಿರಾಟದ ತೊಂದರೆ ಇರುವವರು ಬಳಸಬಾರದು, ಗಾಳಿಯಾಡುವಲ್ಲಿ ಮಾತ್ರ ಬಳಸಿ ಎಂದಿತ್ತು. ಅದು ಸೂಪರ್‌ವೈಸರ್ ನೋಡಿದ್ದರಿಂದ ಬಂತೋ, ಆ ಹುಡುಗಿ ಬರೆದುಕೊಂಡಿದ್ದರಿಂದ ಬಂತೋ, ಎಲ್ಲ ಬಾಟಲಿಗಳ ಮೇಲೂ ಇರುವಂಥದ್ದೋ, ತಿಳಿಯುವ ದಾರಿಯಿರಲಿಲ್ಲ. ಅಕ್ಷರ ಇನ್ನಷ್ಟು ದೊಡ್ಡದಿರಬೇಕಿತ್ತು ಎಂದು ಅಂಗಡಿಯವನಿಗೆ ಹೇಳಿದಳು. ಅವನು ಇವಳನ್ನು ವಿಚಿತ್ರವಾಗಿ ನೋಡಿದ.

ಬ್ಯಾಕ್‌ಚೆಕ್ಕಿನಲ್ಲಿ ಅವಳ ಉಳಿದ ಮನೆಗಳೆಲ್ಲ ಸರಿಯಾಗೇ ಬಂದವು. ಆಫೀಸಿನವರು ಮತ್ತೆ ಕರೆದರು, ಹೋದಳು. ಈಗ ಅವಳು ಜರಡಿಯ ಪ್ರಶ್ನೆಗಳನ್ನು ಎಷ್ಟು ನಿಧಾನವಾಗಿ, ಬಿಡಿಸಿ ಬಿಡಿಸಿ ಓದುತ್ತಾಳೆಂದರೆ ಕೆಲವರು ಅರ್ಧದಲ್ಲೇ ಬೇಸತ್ತು ಎದ್ದುಬಿಡುತ್ತಾರೆ. ಅವಳ ಕೋಟಾ ಎಲ್ಲರಿಗಿಂತ ತಡವಾಗಿ ತುಂಬುತ್ತದೆ. ಸೂಪರ್‌ವೈಸರ್ ನಿಟ್ಟುಸಿರು ಬಿಡುತ್ತಾನೆ, ಏನೂ ಅನ್ನುವುದಿಲ್ಲ.

ಪರದೆಯಮ್ಮ ಚೀಲದ ಅಂಗಡಿಗೆ ಹೋಗತೊಡಗಿದ್ದಾರೆಂದು ಅವಳಿಗೆ ಗೊತ್ತಾಗಿತ್ತು. ಮಗಳ ಮಾತಿಗೆ ಕಟ್ಟುಬಿದ್ದು ಆ ಬೀದಿಯನ್ನು ಬಿಟ್ಟು ಸುತ್ತಿ ಬರುತ್ತಿದ್ದಳು. ಒಂದು ದಿನ ಅತ್ತೆಯ ಹರಿದ ಕೈಚೀಲವನ್ನು ಹೊಲಿಯಲು ಕೊಡಲು ಹೋಗಲೇಬೇಕಾಯಿತು. ಪರದೆಯಮ್ಮ ಅಂಗಡಿಯ ಬಾಗಿಲ ಬದಿಯಲ್ಲಿ, ಗಾಳಿ ಬರುವ ಕಡೆ, ಮಾಸ್ಕ್ ಕಟ್ಟಿಕೊಂಡು ತಮ್ಮದೇ ಮಿಶನ್ನಿನ ಮುಂದೆ ಕೂತು ಚೀಲದ ಅಂಚು ಹೊಲಿಯುತ್ತಿದ್ದರು. ಇವಳನ್ನು ಕಂಡದ್ದೇ ಮಾಸ್ಕ್ ಕೆಳಗಿಳಿಸಿ ಬಾಯ್ತುಂಬ ನಕ್ಕು, ಬಾರಮ್ಮ ಕೂತ್ಕೋ ಎಂದು ಬಟ್ಟೆಯ ಗಂಟನ್ನು ಸರಿಸಿದರು.

ಇಲ್ಲಿ ಚೆನ್ನಾಗಿದೆ ಅಲ್ವಾ ಅಮ್ಮ ಎಂಬ ಮಾತು ಬಾಗಿಲಕ್ಕನ ನಾಲಗೆಯ ತುದಿಗೆ ಬಂತು. ಉತ್ತರವನ್ನು ತಾನೇ ಬಾಯಿಗೆ ತುರುಕುವ ಪ್ರಶ್ನೆ ಅದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಹಾಗೆ ಕೇಳಬಾರದು ಎಂದು ಕಲಿಸಿರುತ್ತಾರೆ. ಹಾಗೆ ಕೇಳಿದರೆ ಈ ತಾಯಿ ತುಂಬಾ ಚೆನ್ನಾಗಿದೆ ಎಂದೇ ಅನ್ನುತ್ತಾರೆ, ತಾನು ಆ ಉತ್ತರವನ್ನು ಎದೆಗೊತ್ತಿಕೊಂಡು ಮನೆಗೆ ಹೋಗಬಹುದು. ಅವಳು ಆ ಮಾತನ್ನು ನುಂಗಿದಳು.

"ಇಲ್ಲಿ ಹೇಗಿದೆ ಅಮ್ಮ?" ಎಂದು ಕೇಳಿ, ತಲೆಯಾಡಿಸದೆ, ಹುಬ್ಬು ಕೂಡ ಅಲುಗಿಸದೆ ಕಾದಳು.

ಪರದೆಯಮ್ಮ ಮಿಶನ್ನು ನಿಲ್ಲಿಸಿದರು. ಹೊಲಿಗೆಯ ದಾರವನ್ನು ಹಲ್ಲಿನಲ್ಲಿ ಕಡಿದು, ಚೀಲವನ್ನು ಮಗುಚಿ ನೋಡಿದರು.

"ಬೆಳಕು ಸಾಲಲ್ಲ ಕಣಮ್ಮ" ಎಂದರು. "ಚೀಲ ಹೊಲಿಯೋದೂ ನನಗೆ ಇಷ್ಟ ಇಲ್ಲ. ಗೋಣಿ ಹಿಡಿದ ಹಾಗಿರುತ್ತೆ. ಪರದೆ ಅಂದ್ರೆ ಕೈಯಲ್ಲಿ ನೀರಿನ ಹಾಗೆ ಜಾರೋದು. ಮಗಳಿಗೆ ಇದನ್ನ ಹೇಳಿಲ್ಲ."

ಬಾಗಿಲಕ್ಕ ಹೂಂ ಎಂದಳು. ಸಮಾಧಾನದ ಮಾತೊಂದನ್ನೂ ಆಡಲಿಲ್ಲ, ಆಡುವ ಹಕ್ಕು ತನಗಿದೆ ಎಂದು ಅನ್ನಿಸಲಿಲ್ಲ. ಪರದೆಯಮ್ಮ ಮಾಸ್ಕ್ ಮೇಲೇರಿಸಿಕೊಂಡು ಹೊಸ ಬಟ್ಟೆ ಬಿಚ್ಚಿದರು. ಅದು ಉದ್ದವಿತ್ತು, ಒಬ್ಬರ ಕೈಗೆ ನಿಲುಕುವಂತಿರಲಿಲ್ಲ. ಈ ತುದಿ ಸ್ವಲ್ಪ ಹಿಡ್ಕೋ ಎಂದರು. ಬಾಗಿಲಕ್ಕ ಹೆಗಲ ಚೀಲವನ್ನು ಕೆಳಗಿಟ್ಟು, ಆ ತುದಿ ಹಿಡಿದುಕೊಂಡು ಬೀದಿಯವರೆಗೂ ಹಿಂದೆ ಹಿಂದೆ ನಡೆದಳು.